ನೋಡುವುದು, ವಿವೇಚಿಸುವುದು, ಕಾರ್ಯಗೈಯುವುದು: ಒಂದು ಯುವ ಚಳವಳಿಯ ಪಾಠ

ನಾಯಕತ್ವವೆಂದರೆ ವೇದಿಕೆಯ ಭಾಷಣವೆಂದು ನಮ್ಮ ಮಕ್ಕಳು ತಿಳಿಯುವುದುಂಟು. ಬೆಲ್ಜಿಯಂನಲ್ಲಿ ಹುಟ್ಟಿದ ಕ್ರೈಸ್ತ ಯುವ ಚಳವಳಿಯೊಂದು ಬೇರೆಯೇ ದಾರಿಯನ್ನು ತೋರಿತು.

ಜೋಸೆಫ್ ಕಾರ್ಡೈನ್ 1882ರಲ್ಲಿ ಶ್ರಮಿಕ ಕುಟುಂಬದಲ್ಲಿ ಜನಿಸಿದರು. ಪಾದ್ರಿಯಾಗಲು ಓದುತ್ತಿದ್ದ ಅವರು ರಜೆಯಲ್ಲಿ ಊರಿಗೆ ಬಂದಾಗ, ಕಾರ್ಖಾನೆ ಸೇರಿದ್ದ ಹಳೆಯ ಸಹಪಾಠಿಗಳು ಅವರನ್ನು ಪರಕೀಯರಂತೆ ಕಂಡರು. ಆ ಗೆಳೆಯರು ಧರ್ಮಸಭೆಯಿಂದಲೂ ದೂರ ಸರಿದಿದ್ದರು. ಆ ನೋವಿನಿಂದಲೇ 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಸಂಘಟನೆ ರೂಪುಗೊಂಡಿತು.

ಅದರ ವಿಧಾನಕ್ಕೆ ಮೂರು ಹೆಜ್ಜೆಗಳು. ಮೊದಲನೆಯದು ನೋಡುವುದು: ದುಡಿಮೆಯ ವೇಳೆ, ಕೂಲಿ, ಆರೋಗ್ಯ ಹೇಗಿವೆಯೆಂದು ಯುವಜನರೇ ವಿಚಾರಿಸಿ ತಿಳಿಯುವುದು. ಎರಡನೆಯದು ವಿವೇಚಿಸುವುದು: ಕಂಡದ್ದನ್ನು ಸುವಾರ್ತೆಯ ಬೆಳಕಿನಲ್ಲಿ ಒರೆಗೆ ಹಚ್ಚುವುದು. ಮೂರನೆಯದು ಕಾರ್ಯಗೈಯುವುದು: ಕೈಲಾದುದನ್ನು ಮಾಡಿ, ಫಲವನ್ನು ಮತ್ತೆ ಒಟ್ಟಿಗೆ ಕುಳಿತು ಪರಿಶೀಲಿಸುವುದು. ಪಾದ್ರಿಗಳು ಜೊತೆಗಿರುತ್ತಿದ್ದರು, ಮುಂದಾಳುಗಳು ಮಾತ್ರ ದುಡಿಯುವ ಯುವಕ ಯುವತಿಯರೇ. 1961ರಲ್ಲಿ ಪೋಪ್ 23ನೆಯ ಜಾನ್ ತಮ್ಮ ಪರಿಪತ್ರವೊಂದರಲ್ಲಿ ಈ ವಿಧಾನವನ್ನು ಅನುಮೋದಿಸಿದರು.

ಗಡಿನಾಡಿನ ನಮಗೆ ಇನ್ನೊಂದು ಸಂಗತಿಯೂ ಮುಖ್ಯ. ಬೆಲ್ಜಿಯಂ ಹಲವು ನುಡಿಗಳ ನಾಡು. ಡಚ್ ಮತ್ತು ಫ್ರೆಂಚ್ ನುಡಿಯುವ ಯುವಜನರಿಗೆ ಅವರವರ ಭಾಷೆಯಲ್ಲಿಯೇ ಸಂಘಟನೆಯ ಶಾಖೆಗಳು ನಡೆದವು. ತನ್ನ ಬದುಕನ್ನು ತಾನೇ ವಿವೇಚಿಸಲು ತನ್ನ ನುಡಿ ಬೇಕಲ್ಲವೇ?

ನಮ್ಮ ಕನ್ನಡ ಶಾಲೆಗಳಲ್ಲಿ ಎಲ್ಲ ಮತಗಳ ಮಕ್ಕಳಿದ್ದಾರೆ. ಅವರವರ ಶ್ರದ್ಧೆ ಅವರವರಿಗಿರಲಿ. ಈ ಮೂರು ಹೆಜ್ಜೆಗಳು ಎಲ್ಲರಿಗೂ ಸಲ್ಲುತ್ತವೆ. ಓದು ನಿಲ್ಲಿಸಿ ಕೆಲಸಕ್ಕೆ ಹೋದ ಗೆಳೆಯನನ್ನು ಮಕ್ಕಳೇ ಕಂಡು, ಕಾರಣ ಕೇಳಿ, ತಮ್ಮಿಂದಾಗುವುದೇನೆಂದು ಚರ್ಚಿಸಲಿ. ಪಾಲಕರೂ ನಾವೂ ಅವರ ಜೊತೆಗಿರೋಣ.