ಬ್ರೇಕ್ ಇರುವುದು ಶೂ ಅಡಿಯಲ್ಲಿ

ಇಳಿಜಾರಿನಲ್ಲಿ ಸ್ಕೇಟ್‌ಬೋರ್ಡ್ ಬಿಡುವ ಹುಡುಗರನ್ನು ಕಂಡರೆ ನಮ್ಮ ಸಾಸಲು ಕಡೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ, ‘ಇದಕ್ಕೆ ಬ್ರೇಕ್ ಎಲ್ಲಪ್ಪಾ?’ ನ್ಯಾಯವಾದ ಪ್ರಶ್ನೆಯೇ. ಹಲಗೆಗೆ ನಾಲ್ಕು ಚಕ್ರ ಇವೆ, ಬ್ರೇಕ್ ಇಲ್ಲ. ಬೋರ್ಡನ್ನೇ ಅಡ್ಡ ತಿರುಗಿಸಿ ಜಾರಿಸಿ ನಿಲ್ಲಿಸುವ ಪಳಗಿದವರಿದ್ದಾರೆ. ಕಲಿಯುವವರು ಮಾತ್ರ ಮುಂದಿನ ಕಾಲಿನ ಮೇಲೆ ಭಾರ ಬಿಟ್ಟು, ಹಿಂದಿನ ಪಾದವನ್ನು ರಸ್ತೆಗೆ ಉಜ್ಜಿಯೇ ವೇಗ ತಗ್ಗಿಸಬೇಕು.

ಹಾಗೆ ಉಜ್ಜಿದರೆ ಸೋಲ್ ಎಷ್ಟು ದಿನ ಬಂದೀತು? ರನ್ನಿಂಗ್ ಶೂಗಳ ಹಗುರ ಫೋಮ್ ಡಾಂಬರಿಗೆ ಸಿಕ್ಕರೆ ರಬ್ಬರ್ ಪೆನ್ಸಿಲ್ ಗೀಟನ್ನು ಅಳಿಸುವಾಗ ಸವೆದಂತೆ ಸವೆಯುತ್ತದೆ. ಅದೂ ಒಂದೇ ಕಾಲಿನದು. ಒಂದು ಶೂ ಹೊಸದಾಗಿಯೇ ಉಳಿದು ಇನ್ನೊಂದು ತೂತಾಗುತ್ತದೆ. ಬಸ್ ಪಾಸಿಗೂ ಮನೆಯಲ್ಲಿ ಕೈಚಾಚುವವರು ಮತ್ತೆ ಮತ್ತೆ ಜೋಡಿ ಕೊಳ್ಳಲಾದೀತೆ? ತೆಳುವಾದ ಸೋಲಿನಲ್ಲೇ ಇಳಿದರೆ ಪಾದದ ಚರ್ಮವೇ ಬ್ರೇಕ್ ಆಗುತ್ತದೆ.

ಪರಿಹಾರ ನಮ್ಮ ಊರುಗಳಿಗೆ ಹಳೆಯದು. ಕಲ್ಲುಮುಳ್ಳಿನಲ್ಲಿ ದುಡಿದವರು ಟೈರ್ ಚಪ್ಪಲಿ ಮೆಟ್ಟಿದ್ದು ಅದು ಬೇಗ ಸವೆಯದು ಎಂದೇ. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡುವುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಟೈರಿಗೆ ಜೊತೆಗೆ ಕಾರ್ಬನ್ ಪುಡಿಯನ್ನೂ ಬೆರೆಸುತ್ತಾರೆ. ಕಪ್ಪು ಬಣ್ಣವೂ ಗಟ್ಟಿತನವೂ ಅದರಿಂದಲೇ.

ಚಪ್ಪಲಿ ಹೊಲಿಯುವವರ ಬಳಿ ಹೋಗಿ ‘ಎಕ್ಸ್‌ಟ್ರಾ ಸೋಲ್ ಹಾಕಿ’ ಎಂದಷ್ಟೇ ಹೇಳಿ ಬರಬೇಡಿ, ಬ್ರೇಕ್ ಹಾಕುವುದನ್ನು ತೋರಿಸಿ. ಲಾರಿಯ ರೇಡಿಯಲ್ ಟೈರ್ ಬೇಡ, ಒಳಗೆ ಉಕ್ಕಿನ ತಂತಿ ಇರುತ್ತದೆ. ಅವರ ಬಳಿಯೇ ಇರುವ ಗಟ್ಟಿ ರಬ್ಬರ್ ಶೀಟ್ 5–6 ಮಿ.ಮೀ. ದಪ್ಪದ್ದಾದರೆ ಸಾಕು. ಅದಕ್ಕಿಂತ ದಪ್ಪವಾದರೆ ಬೋರ್ಡ್ ಕಾಲಿಗೆ ತಿಳಿಯುವುದಿಲ್ಲ. ಹಳೆಯ ಸೋಲಿನ ಹೊಳಪು ಹೋಗುವವರೆಗೆ ಅರದಿಂದ ಉಜ್ಜಿ, ಧೂಳು ಒರೆಸಿ, ಎರಡೂ ಕಡೆ ತೆಳ್ಳಗೆ ಅಂಟು ಹಚ್ಚಬೇಕು. ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಿ ಸುತ್ತಿಗೆಯಿಂದ ಬಡಿಯಬೇಕು. ಆತುರಪಟ್ಟು ಹಸಿಯಲ್ಲೇ ಅಂಟಿಸಿದ್ದು ನಿಲ್ಲುವುದಿಲ್ಲ. ಅಡಿಯಲ್ಲಿ ಕಾಣುವ ಹೊಲಿಗೆಯೂ ವ್ಯರ್ಥ, ರಸ್ತೆ ದಾರವನ್ನೇ ಮೊದಲು ಕತ್ತರಿಸುತ್ತದೆ. ಬದಿಯಲ್ಲಿ ಹೊಲಿಸಬಹುದು. ಉಜ್ಜಿದಾಗ ಹುಟ್ಟುವ ಬಿಸಿಗೆ ಅಂಟು ಮೆತ್ತಗಾಗಿ ತುದಿಯಿಂದ ಬಿಡಲು ಶುರುವಾಗುವುದರಿಂದ ಬೆರಳಿನ ಕಡೆಯ ಅಂಚನ್ನು ಓರೆಯಾಗಿ ಕೆತ್ತಿಸಿ. ಇನ್ನೊಂದು ಶೂಗೂ ಅಷ್ಟೇ ದಪ್ಪದ ತುಂಡು ಹಾಕಿಸದಿದ್ದರೆ ಕುಂಟಿದಂತಾಗುತ್ತದೆ.

ಬೆಂಗಳೂರಿನ ಹೋಲಿಸ್ಟೋಕ್ಡ್ ತಂಡ ಸ್ಕೇಟ್‌ಪಾರ್ಕ್ ಕಟ್ಟಿದ್ದು 2013ರಲ್ಲಿ. ನಮ್ಮ ಕಡೆ ಅಂಥದ್ದೇನೂ ಇಲ್ಲ, ಇಳಿಜಾರು ಎಂದರೆ ಹುಡುಗರ ಕಣ್ಣು ನಂದಿಬೆಟ್ಟದ ತಿರುವುಗಳ ಮೇಲೆ. ಬೈಕು, ಕಾರು ಏರುವ ಆ ರಸ್ತೆಗೆ ಯಾವ ಸೋಲೂ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ವಾಹನ ಬಾರದ, ಕೊನೆಯಲ್ಲಿ ತಾನಾಗಿಯೇ ಸಮತಟ್ಟಾಗುವ ಚಿಕ್ಕ ಇಳಿಜಾರು ಹುಡುಕಿ, ಹೆಲ್ಮೆಟ್ ಹಾಕಿ, ಹೊಸ ಸೋಲನ್ನು ಅಲ್ಲಿ ಪರೀಕ್ಷಿಸಿ. ಮಳೆ ಬಂದು ರಸ್ತೆ ಒದ್ದೆಯಾಗಿದ್ದರೆ ಆ ದಿನ ಬೇಡ. ಒದ್ದೆ ಡಾಂಬರಿನ ಮೇಲೆ ಟೈರ್ ರಬ್ಬರೂ ಜಾರುತ್ತದೆ.