ಗಬ್ಬ ಕಟ್ಟದಿದ್ದರೆ ಹಸುವನ್ನೇ ದೂರಬೇಡಿ



ಎರಡು ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿಯೂ ಹಸು ಮತ್ತೆ ಬೆದೆಗೆ ಬಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕೇಳಿಬರುವ ಮೊದಲ ಮಾತು, ‘ಇದು ಗೊಡ್ಡು, ಮಾರಿಬಿಡಿ’. ಒಂದು ಬೆದೆ ತಪ್ಪಿದರೆ 21 ದಿನದ ಮೇವು, ಹಿಂಡಿ ದಂಡ. ಹಸುವನ್ನೇ ಮಾರಿದರೆ ಹಾಲಿನ ಬಟವಾಡೆಯೇ ನಿಂತಂತೆ. ಮಾರುವ ಮೊದಲು ಒಂದು ವಿಷಯ ತಿಳಿಯಿರಿ: ಕರುವಿನಲ್ಲಿ ಹೋರಿಯ ಪಾಲೂ ಅರ್ಧ.

ವೀರ್ಯ ಕಡ್ಡಿಯಲ್ಲಿರುವುದು ಕಾಲು ಮಿಲಿ ಲೀಟರ್ ದ್ರವ. ಅದರಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳಿರುತ್ತವೆ. ಅದನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಪಾಡುತ್ತಾರೆ. ಕರಗಿಸಿದ ಮೇಲೆ ಅರ್ಧದಷ್ಟಾದರೂ ವೀರ್ಯಾಣುಗಳು ಮುಂದಕ್ಕೆ ಈಜಬೇಕು ಎಂಬುದು ಕೇಂದ್ರ ಸರ್ಕಾರದ ಮಾನದಂಡ. ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡುತ್ತಾರೆ.

ಆದರೆ ಈಜಿದರಷ್ಟೇ ಸಾಲದು. ಬಿತ್ತನೆ ಭತ್ತ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಕೆಲವು ಕಾಳು ಮೊಳೆಯುವುದಿಲ್ಲವಲ್ಲ, ಇದೂ ಹಾಗೆಯೇ. ವೀರ್ಯಾಣುವಿನ ತಲೆಯಲ್ಲಿ ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಅದು ತುಂಡಾಗಿದ್ದರೆ, ಅಂಡವನ್ನು ಸೇರಿದರೂ ಭ್ರೂಣ ಬೆಳೆಯದೆ ಹೋಗಬಹುದು. ಅಂಡವನ್ನು ಎಚ್ಚರಿಸುವ ಪ್ರೋಟೀನು ಕಡಿಮೆಯಿದ್ದರೂ ಕಷ್ಟ. ಇವೇ ಅಣುಮಟ್ಟದ ಗುರುತುಗಳು. ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಹೋರಿಯ ವೀರ್ಯಾಣುವಿನಲ್ಲಿರುವ ಸಾವಿರಾರು ಆರ್‌ಎನ್‌ಎ ಸಂದೇಶಗಳನ್ನು ಗುರುತಿಸಿ 2017ರಲ್ಲಿ ಪ್ರಕಟಿಸಿದರು. ಯಾವ ಹೋರಿಯ ವೀರ್ಯ ಚೆನ್ನಾಗಿ ಗಬ್ಬ ಕಟ್ಟಿಸುತ್ತದೆ ಎಂದು ಮೊದಲೇ ತಿಳಿಯುವುದು ಇಂಥ ಸಂಶೋಧನೆಯ ಗುರಿ.

ಈ ಪರೀಕ್ಷೆಗಳಿಗೆ ಪ್ರಯೋಗಾಲಯವೇ ಬೇಕು. ಕೊಟ್ಟಿಗೆಯಲ್ಲಿ ನೀವು ಮಾಡಬಹುದಾದದ್ದು ಇಷ್ಟು:

• ಬೆಳಿಗ್ಗೆ ಬೆದೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ.

• ಕಡ್ಡಿಯನ್ನು 37 ಡಿಗ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಇಟ್ಟು ಕರಗಿಸಬೇಕು. ಅಂಗೈಯಲ್ಲಿ ಉಜ್ಜಿ ಕರಗಿಸಲು ಬಿಡಬೇಡಿ. ನೀರನ್ನು ನೀವೇ ಸಿದ್ಧವಿಡಿ.

• ಕಡ್ಡಿಯ ಮೇಲೆ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಅದನ್ನೂ ತಾರೀಖನ್ನೂ ಬರೆದಿಡಿ. ಮಕ್ಕಳ ಹಳೇ ನೋಟ್‌ಬುಕ್ಕೇ ಸಾಕು.

• ಒಂದೇ ಹೋರಿಯ ಕಡ್ಡಿಗೆ ಎರಡು ಸಲ ಗಬ್ಬ ಕಟ್ಟದಿದ್ದರೆ ಬೇರೆ ಹೋರಿಯದನ್ನು ಕೇಳಿ. ಮೂರು ಸಲವೂ ಕಟ್ಟದಿದ್ದರೆ ಪಶುವೈದ್ಯರಿಂದ ಗರ್ಭಕೋಶ ಪರೀಕ್ಷೆ ಮಾಡಿಸಿ. ಸೋಂಕು, ಖನಿಜಾಂಶದ ಕೊರತೆ ಇದ್ದರೆ ಚಿಕಿತ್ಸೆ ಇದೆ.

ಕೊಟ್ಟಿಗೆಯ ಈ ಮಾತು ಮನೆಗೂ ಸಲ್ಲುತ್ತದೆ. ಮಕ್ಕಳಾಗದಿದ್ದರೆ ಸೊಸೆಯನ್ನು ದೂರುವುದು, ಅವಳೊಬ್ಬಳನ್ನೇ ಆಸ್ಪತ್ರೆ, ದೇವಸ್ಥಾನ ಅಂತ ಅಲೆಸುವುದು ಇನ್ನೂ ನಿಂತಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಗಂಡಿನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆಯಲ್ಲಿ ನೋವಿಲ್ಲ, ಅದರಿಂದ ಗಂಡಸುತನಕ್ಕೆ ಕುಂದೂ ಇಲ್ಲ. ಎಣಿಕೆ, ಚಲನೆ ಸರಿಯಿದ್ದೂ ಫಲ ಸಿಗದಿದ್ದರೆ ಡಿಎನ್‌ಎ ತುಂಡಾಗಿದೆಯೇ ಎಂದು ನೋಡುವ ಪರೀಕ್ಷೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಅದನ್ನು ಸೇರಿಸಿದ್ದಾರೆ. ಮದುವೆಯಾಗಿ ಒಂದು ವರ್ಷ ಕೂಡಿ ಬಾಳಿಯೂ ಬಸಿರಾಗದಿದ್ದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ವೈದ್ಯರಲ್ಲಿಗೆ ಹೋಗಲಿ.