ಫಲಕ ಓದುವ ಮುನ್ನ: ಲಾಲ್‌ಬಾಗ್‌ನ ಸ್ವಯಂಸೇವೆಯಿಂದ ಕಲಿತ ಬೋಧನಾಕ್ರಮ

ಸಸ್ಯೋದ್ಯಾನಕ್ಕೂ ಪಾರ್ಕಿಗೂ ಇರುವ ವ್ಯತ್ಯಾಸ ವಿಜ್ಞಾನ ಶಿಕ್ಷಕರಿಗೆ ತಿಳಿದಿರಬೇಕು. ಪಾರ್ಕಿನಲ್ಲಿ ಗಿಡಮರಗಳಿರುವುದು ನೆರಳಿಗೆ, ಅಂದಕ್ಕೆ. ಸಸ್ಯೋದ್ಯಾನದಲ್ಲಿ ಅವು ಒಂದು ಸಂಗ್ರಹದ ಭಾಗ. ಯಾವ ಪ್ರಭೇದ, ಯಾವ ಕುಟುಂಬ, ಮೂಲ ಯಾವ ನಾಡು ಎಂದು ಗುರುತಿಸಿ, ಒಂದರೊಡನೆ ಇನ್ನೊಂದನ್ನು ಹೋಲಿಸಲು ಅನುವಾಗುವಂತೆ ಬೆಳೆಸಿರುತ್ತಾರೆ. 1760ರಲ್ಲಿ ಹೈದರ್ ಅಲಿ ಆರಂಭಿಸಿ, ಟಿಪ್ಪು ಸುಲ್ತಾನ್ ಮುಂದುವರಿಸಿದ ಬೆಂಗಳೂರಿನ ಲಾಲ್‌ಬಾಗ್ ಅಂಥದೊಂದು ಸಂಗ್ರಹ. ಈಗ ರಾಜ್ಯ ತೋಟಗಾರಿಕೆ ಇಲಾಖೆಯ ಉಸ್ತುವಾರಿಯಲ್ಲಿರುವ ಇದರ ವಿಸ್ತೀರ್ಣ ಸುಮಾರು 240 ಎಕರೆ.

ಕಳೆದ ಎರಡು ಸೆಮಿಸ್ಟರ್‌ಗಳಿಂದ ನಾನು ಸಸ್ಯಾಸಕ್ತರ ಸಣ್ಣ ತಂಡವೊಂದರ ಜೊತೆ ಇಲ್ಲಿ ಸ್ವಯಂಸೇವಕಿಯಾಗಿದ್ದೇನೆ. ನಮ್ಮದು ಎರಡೇ ಕೆಲಸ. ಗೊತ್ತುಮಾಡಿಕೊಂಡ ಕೆಲವು ಮರಗಳನ್ನು ವಾರಕ್ಕೊಮ್ಮೆ ನೋಡಿ, ಚಿಗುರು, ಹೂ, ಕಾಯಿ, ಎಲೆ ಉದುರುವಿಕೆಯನ್ನು ಪುಸ್ತಕದಲ್ಲಿ ಬರೆದಿಡುವುದು ಒಂದು. ಶಾಲಾ ಮಕ್ಕಳು ಬಂದಾಗ ಹತ್ತು ಹನ್ನೆರಡು ಜನರ ಗುಂಪು ಮಾಡಿಕೊಂಡು ಅವರೊಡನೆ ನಡೆಯುವುದು ಇನ್ನೊಂದು. ಎರಡನೆಯ ಕೆಲಸದಿಂದ ನನ್ನ ಪಾಠ ಯೋಜನೆಯ ಕ್ರಮವೇ ಬದಲಾಯಿತು.

ಫಲಕದ ಮುಂದೆ ನಿಂತ ಮಕ್ಕಳು

ಕ್ಷೇತ್ರ ಭೇಟಿಗೆ ಬರುವ ಮಕ್ಕಳ ಕೈಯಲ್ಲಿ ಸಾಮಾನ್ಯವಾಗಿ ಒಂದು ನೋಟ್‌ಬುಕ್ ಇರುತ್ತದೆ. ‘ಇಪ್ಪತ್ತು ಗಿಡಗಳ ಹೆಸರು ಬರೆದುಕೊಂಡು ಬನ್ನಿ’ ಎಂಬ ಸೂಚನೆಯೂ ಇರುತ್ತದೆ. ಮಗು ಮರದ ಹತ್ತಿರ ಬರುತ್ತದೆ, ಫಲಕ ನೋಡಿ ಬರೆದುಕೊಳ್ಳುತ್ತದೆ, ಮುಂದಿನ ಫಲಕಕ್ಕೆ ಓಡುತ್ತದೆ. ತಲೆ ಎತ್ತಿ ಮರವನ್ನು ನೋಡುವ ಅಗತ್ಯವೇ ಬೀಳುವುದಿಲ್ಲ. ಹೆಸರು ಸಿಕ್ಕಿತು, ಕೆಲಸ ಮುಗಿಯಿತು. ಇದು ಮಕ್ಕಳ ತಪ್ಪಲ್ಲ. ನಾವು ಕೊಟ್ಟ ಚಟುವಟಿಕೆ ಕೇಳುವುದೇ ಅಷ್ಟು.

ಆದ್ದರಿಂದ ನಮ್ಮ ತಂಡದಲ್ಲಿ ಒಂದು ನಿಯಮವಿದೆ: ಮೊದಲ ಹತ್ತು ನಿಮಿಷ ಫಲಕ ಓದುವಂತಿಲ್ಲ. ಅಷ್ಟು ಹೊತ್ತು ಮರವನ್ನೇ ನೋಡಬೇಕು.

ಒಂದು ಉದಾಹರಣೆ: ನಾಗಲಿಂಗ ಪುಷ್ಪದ ಮರ

ಏಳನೆಯ ತರಗತಿಯ ಗುಂಪೊಂದನ್ನು ನಾಗಲಿಂಗದ ಮರದಿಂದ ಸ್ವಲ್ಪ ದೂರದಲ್ಲಿ ನಿಲ್ಲಿಸಿದ್ದೆ. (ಇದರ ಕಾಯಿ ಗುಂಡಿನಷ್ಟು ಗಟ್ಟಿ, ಭಾರ. ಮರದ ಕೆಳಗೆ ಮಕ್ಕಳನ್ನು ನಿಲ್ಲಿಸಬಾರದು.) ನಾನು ಕೇಳಿದ್ದು ಒಂದೇ ಪ್ರಶ್ನೆ: “ಹೂ ಎಲ್ಲಿ ಬಿಟ್ಟಿದೆ?”

ಮಕ್ಕಳ ಕಣ್ಣು ಮೊದಲು ಹೋದದ್ದು ಕೊಂಬೆಯ ತುದಿಗೆ. ಅಲ್ಲಿ ಎಲೆ ಮಾತ್ರ. ಆಮೇಲೆ ಕಾಂಡದಿಂದಲೇ ಹೊರಟ ಹೂಗೊಂಚಲು ಕಂಡಿತು. ಒಬ್ಬ ಹುಡುಗಿ, “ಮಿಸ್, ನಮ್ಮಜ್ಜಿ ಮನೆ ಹಲಸಿನ ಮರದಲ್ಲೂ ಕಾಯಿ ಹಿಂಗೇ ಬುಡದಲ್ಲೇ ಬಿಡುತ್ತೆ” ಎಂದಳು. ಇನ್ನೊಬ್ಬನಿಗೆ ಅತ್ತಿಮರ ನೆನಪಾಯಿತು. “ಹಂಗಾದ್ರೆ ಈ ಮೂರೂ ಒಂದೇ ಕುಟುಂಬನಾ ಮಿಸ್?” ಎಂಬ ಪ್ರಶ್ನೆ ಮೂರನೆಯವನಿಂದ ಬಂತು.

ಈಗ ಫಲಕ ಓದಲು ಹೇಳಿದೆ. ಮಕ್ಕಳು ಅದರಲ್ಲಿ ಹುಡುಕಿದ್ದು ಸಸ್ಯದ ಹೆಸರನ್ನಲ್ಲ, ಕುಟುಂಬದ ಹೆಸರನ್ನು. ನಾಗಲಿಂಗ ಲೆಸಿತಿಡೇಸಿ ಕುಟುಂಬದ್ದು, ದಕ್ಷಿಣ ಅಮೆರಿಕದ ಕಡೆಯಿಂದ ಬಂದದ್ದು. ಹಲಸು ಮತ್ತು ಅತ್ತಿ ಎರಡೂ ಮೊರೇಸಿ ಕುಟುಂಬದವು. ಅಂದರೆ ಊಹೆ ಅರ್ಧ ಸರಿ, ಅರ್ಧ ತಪ್ಪು. ಒಂದು ಲಕ್ಷಣ ಹೋಲಿದ ಮಾತ್ರಕ್ಕೆ ನೆಂಟಸ್ತನ ಇರಬೇಕಾಗಿಲ್ಲ ಎಂಬ ವರ್ಗೀಕರಣದ ಮುಖ್ಯ ತತ್ವವನ್ನು ಮಕ್ಕಳೇ ಮುಟ್ಟಿದ್ದರು. ಅದನ್ನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಲು ನನಗೆ ಒಂದು ಪೂರ್ತಿ ಅವಧಿ ಬೇಕಾಗುತ್ತಿತ್ತು.

ಉದುರಿದ ಹೂವೊಂದನ್ನು ಕೈಯಿಂದ ಕೈಗೆ ದಾಟಿಸಿದಾಗ ಕೇಸರಗಳು ಎರಡು ಬಗೆಯೆಂದು ತಿಳಿಯಿತು. ನಡುವೆ ಉಂಗುರದಂತೆ ಒಂದು ಗುಂಪು, ಮೇಲೆ ಹೆಡೆಯಂತೆ ಬಾಗಿದ ಇನ್ನೊಂದು ಗುಂಪು. ಈ ಹೂವಿನಲ್ಲಿ ಮಕರಂದವಿಲ್ಲ. ಹೆಡೆಯ ಪರಾಗ ಜೇನ್ನೊಣಕ್ಕೆ ಆಹಾರ, ಉಂಗುರದ ಪರಾಗ ಸಂತಾನೋತ್ಪತ್ತಿಗೆ. ‘ನಾಗಲಿಂಗ’ ಎಂದು ಕರೆದವರು ಹೂವನ್ನು ಎಷ್ಟು ಸೂಕ್ಷ್ಮವಾಗಿ ನೋಡಿದ್ದರು ಎಂಬುದು ಮಕ್ಕಳಿಗೆ ಆಗ ಅರ್ಥವಾಯಿತು.

ಹೆಸರಿನ ನಂತರವೂ ಉಳಿಯುವ ಪ್ರಶ್ನೆ

ಹೆಸರು ತಿಳಿದ ಮರದ ಬಗ್ಗೆ ಎಲ್ಲವೂ ತಿಳಿದಂತಲ್ಲ. ಇದಕ್ಕೆ ಒಳ್ಳೆಯ ನಿದರ್ಶನ ಕುಕ್ ಪೈನ್ ಎಂಬ ಅರಕೇರಿಯಾ. ನ್ಯೂ ಕ್ಯಾಲೆಡೋನಿಯಾ ಮೂಲದ ಈ ಮರವನ್ನು ಬಹುಕಾಲದಿಂದ ಜಗತ್ತಿನ ಅನೇಕ ಉದ್ಯಾನಗಳಲ್ಲಿ ಬೆಳೆಸುತ್ತಿದ್ದಾರೆ, ಲಾಲ್‌ಬಾಗ್‌ನಲ್ಲೂ ಇದೆ. ಐದು ಖಂಡಗಳ 256 ಮರಗಳನ್ನು ಅಳೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಮರಗಳು ಸಾಮಾನ್ಯವಾಗಿ ಭೂಮಧ್ಯರೇಖೆಯ ಕಡೆಗೆ ವಾಲುತ್ತವೆ ಎಂದು ತೋರಿಸಿತು. ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೆ, ದಕ್ಷಿಣಾರ್ಧಗೋಳದಲ್ಲಿ ಉತ್ತರಕ್ಕೆ. ನಮ್ಮ ಪ್ರೌಢಶಾಲಾ ಮಕ್ಕಳೂ ಒಂದು ದಿಕ್ಸೂಚಿ, ತುದಿಗೆ ಕಲ್ಲು ಕಟ್ಟಿದ ದಾರ, ಒಂದು ಕೋನಮಾಪಕ ಹಿಡಿದು ಇದನ್ನು ಪರೀಕ್ಷಿಸಬಹುದು. ಉತ್ತರ ಏನೇ ಬರಲಿ, ಅಳತೆ ಅವರದೇ.

ಫಲಕವಿಲ್ಲದ ಮರಗಳು

ಲಾಲ್‌ಬಾಗ್‌ಗೆ ವರ್ಷಕ್ಕೊಮ್ಮೆಯೂ ಬರಲಾಗದ ಮಕ್ಕಳೇ ಹೆಚ್ಚು. ಅವರ ಪಾಲಿನ ಉದ್ಯಾನ ಶಾಲೆಯ ಮುಂದಿನ ಬೀದಿ. 20ನೇ ಶತಮಾನದ ಆರಂಭದಲ್ಲಿ ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಜರ್ಮನಿಯ ಕ್ರುಂಬಿಗಲ್ ಅವರು, ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ರಸ್ತೆಗಳಿಗೆ ಸಾಲುಮರಗಳನ್ನು ಆರಿಸಿದವರು. ಹೀಗಾಗಿ ಬೀದಿಗೂ ಉದ್ಯಾನಕ್ಕೂ ಹಳೆಯ ನಂಟಿದೆ. ಬೀದಿಯ ಮರಕ್ಕೆ ಫಲಕ ಮಾತ್ರ ಇಲ್ಲ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂಬ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಆಶಯಕ್ಕೆ ಇದಕ್ಕಿಂತ ಹತ್ತಿರದ ಸಾಮಗ್ರಿ ಸಿಗುವುದು ಕಷ್ಟ.

ನನ್ನ ಬೋಧನಾಭ್ಯಾಸದ ಶಾಲೆಯ ಗೇಟಿನ ಬಳಿ ಒಂದು ಮಳೆಮರವಿದೆ. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೂ ಸಂಜೆ ಕತ್ತಲಾಗುವ ಮುನ್ನವೂ ಅದರ ಕಿರುಎಲೆಗಳು ಹೇಗಿರುತ್ತವೆ ಎಂದು ಒಂದು ವಾರ ಗಮನಿಸಲು ಮಕ್ಕಳಿಗೆ ಹೇಳಿದೆ. ಸಂಜೆ ಅವು ಮಡಚಿಕೊಳ್ಳುವುದನ್ನು ನಾಲ್ಕು ಮಕ್ಕಳು ಮೊದಲ ದಿನವೇ ಕಂಡುಹಿಡಿದರು. ಮೋಡ ಕವಿದ ಮಧ್ಯಾಹ್ನವೂ ಹಾಗೇ ಆಗಿದ್ದನ್ನು ಇನ್ನೊಬ್ಬಳು ಬರೆದು ತಂದಳು. ಸಸ್ಯಗಳ ಚಲನೆಯ ಪಾಠ ಆ ಪುಟದಿಂದಲೇ ಆರಂಭವಾಯಿತು.

ಯೋಜಿಸುವವರಿಗೆ ಕೆಲವು ಸೂಚನೆಗಳು

1. ಒಂದು ಭೇಟಿಗೆ ನಾಲ್ಕು ಮರ ಸಾಕು. ಹಿಂದಿನ ವಾರವೇ ಹೋಗಿ, ಯಾವುದು ಹೂ ಬಿಟ್ಟಿದೆ, ಯಾವುದು ಕಾಯಿ ಕಟ್ಟಿದೆ ಎಂದು ನೋಡಿಬನ್ನಿ.

2. ಪ್ರತಿ ಮರಕ್ಕೂ ಕಣ್ಣಿನಿಂದ ಉತ್ತರ ಹುಡುಕಬಹುದಾದ ಒಂದು ಪ್ರಶ್ನೆ ಸಿದ್ಧವಿರಲಿ. ‘ಇದರ ಹೆಸರೇನು?’ ಎಂಬುದು ಕೊನೆಯ ಪ್ರಶ್ನೆಯಾಗಲಿ.

3. ಕೀಳುವುದು ಬೇಡ. ಬಿದ್ದ ಹೂ, ಎಲೆ, ಬೀಜ ನೋಡಿ ಅಲ್ಲೇ ಬಿಡಿ. ಎತ್ತರದ ಮರಗಳಲ್ಲಿ ಹೆಜ್ಜೇನು ಕಟ್ಟಿರಬಹುದು. ಕೂಗಾಟ, ಕಲ್ಲೆಸೆತ ಕೂಡದೆಂದು ಮೊದಲೇ ತಿಳಿಸಿ.

4. ಮೌಲ್ಯಮಾಪನಕ್ಕೆ ಹೆಸರುಗಳ ಪಟ್ಟಿ ಕೇಳಬೇಡಿ. ಮಗು ಕೇಳಿದ ಒಂದು ಪ್ರಶ್ನೆ, ಅದಕ್ಕೆ ತಾನೇ ಕಂಡ ಒಂದು ಆಧಾರ ಬರೆಯಲಿ.

5. ಸಾಧ್ಯವಾದರೆ ಒಂದು ಸೆಮಿಸ್ಟರ್ ನೀವೇ ಸ್ವಯಂಸೇವಕರಾಗಿ. ಒಂದೇ ಮರವನ್ನು ಇಪ್ಪತ್ತು ವಾರ ನೋಡಿದ ಶಿಕ್ಷಕರ ಬಳಿ ಪ್ರಶ್ನೆಗಳಿಗೆ ಬರವಿರುವುದಿಲ್ಲ.